‘ನಮ್ಮವರು ಹುಷಾರಾಗಿರ್ತಾರೆ’ ಎಂಬ ಮಾತನ್ನು ಎಷ್ಟರಮಟ್ಟಿಗೆ ನೆಚ್ಚಬಹುದು? ಹಿಂತೆಗೆತ ವಿಧಾನದ ಒಳಹೊರಗು

ಗುರುವಾರ ತುಮಕೂರು ಜಿಲ್ಲೆಯ ಯಾವ ಹಳ್ಳಿಯ ಅಂಗನವಾಡಿಗೆ ಹೋದರೂ ಚುಚ್ಚುಮದ್ದಿಗೆ ಬಂದ ಕೂಸುಗಳ ಅಳು, ಅವನ್ನು ಸಂತೈಸುವ ತಾಯಂದಿರ ಮಾತು ಕೇಳಿಸುತ್ತವೆ. ಆ ಗದ್ದಲ ಇಳಿದ ಮೇಲೆ ಆಶಾ ಕಾರ್ಯಕರ್ತೆ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಮುಂದಿನ ಮಗುವಿನ ಅಂತರಕ್ಕೆ ಏನು ಮಾಡಿದ್ದೀರಿ ಎಂದು ಮೆಲುದನಿಯಲ್ಲಿ ವಿಚಾರಿಸುತ್ತಾರೆ. ಆಗ ನಾನು ಹಲವು ಸಲ ಕೇಳಿರುವ ಉತ್ತರ ಒಂದೇ: ‘ನಮ್ಮವರು ಹುಷಾರಾಗಿರ್ತಾರೆ ಅಕ್ಕ, ಏನೂ ಆಗಲ್ಲ.’ ಈ ‘ಹುಷಾರು’ ಎಂದರೆ ವೀರ್ಯವನ್ನು ಹೊರಗೆ ಬಿಡುವ ಹಿಂತೆಗೆತವೆಂದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಆದರೆ ಅದು ಎಷ್ಟು ಗಟ್ಟಿ, ಎಲ್ಲಿ ಸಡಿಲ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಏಕೆಂದರೆ ಅದನ್ನು ಬಾಯಿಬಿಟ್ಟು ಹೇಳಲು ನಮಗೆ ಮುಜುಗರ.

ಮುಜುಗರದಿಂದ ಖಾಲಿ ಉಳಿದ ಈ ಜಾಗವನ್ನು ಈಗ ಮೊಬೈಲಿನ ಪುಟ್ಟ ವಿಡಿಯೊಗಳು ತುಂಬುತ್ತಿವೆ. ಒಂದು ವಿಡಿಯೊ ಇದು ಪೂರ್ತಿ ಸುರಕ್ಷಿತವೆನ್ನುತ್ತದೆ, ಇನ್ನೊಂದು ಇದನ್ನು ಪಾಲಿಸುವುದೂ ಏನೂ ಮಾಡದಿರುವುದೂ ಒಂದೇ ಎನ್ನುತ್ತದೆ. ಎರಡೂ ಸರಿಯಲ್ಲ. ಹೊಸದಾಗಿ ಮದುವೆಯಾಗಿ ಬೆಳಗಿನ ರೈಲಿನಲ್ಲಿ ಬೆಂಗಳೂರಿನ ಕೆಲಸಕ್ಕೆ ಓಡಾಡುವ ದಂಪತಿಗೂ, ಆರು ತಿಂಗಳ ಕೂಸನ್ನು ಎತ್ತಿಕೊಂಡಿರುವ ತಾಯಿಗೂ ಈ ಎರಡು ಮಾತುಗಳ ನಡುವೆ ನಿಜ ಎಲ್ಲಿದೆಯೆಂದು ತಿಳಿಯುವುದು ಅಗತ್ಯ. ತಾವು ಯಾವುದರ ಮೇಲೆ ಭರವಸೆ ಇಟ್ಟಿದ್ದೇವೆಂದು ತಿಳಿದು ಇಡುವುದಕ್ಕೂ, ತಿಳಿಯದೆ ಇಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಹಿಂತೆಗೆತ ಎಂದರೇನು

ಸಂಭೋಗದ ಕೊನೆಯ ಹಂತದಲ್ಲಿ, ವೀರ್ಯ ಹೊರಬರುವುದಕ್ಕೆ ಮೊದಲೇ ಗಂಡಸು ತನ್ನ ಶಿಶ್ನವನ್ನು ಯೋನಿಯಿಂದ ಹೊರತೆಗೆದು, ವೀರ್ಯವು ಯೋನಿಯ ಒಳಗಾಗಲಿ ಅದರ ಬಾಯಿಯ ಬಳಿಯಾಗಲಿ ಬೀಳದಂತೆ ನೋಡಿಕೊಳ್ಳುವುದೇ ಹಿಂತೆಗೆತ ವಿಧಾನ. ಆಡುಮಾತಿನಲ್ಲಿ ‘ಆಚೆ ಬಿಡುವುದು’ ಎನ್ನುತ್ತಾರೆ. ಇದಕ್ಕೆ ಮಾತ್ರೆ ಬೇಡ, ಸಾಧನ ಬೇಡ, ದುಡ್ಡು ಬೇಡ, ಅಂಗಡಿಯವನ ಮುಂದೆ ಸಂಕೋಚಪಡುವ ಪ್ರಸಂಗವೂ ಇಲ್ಲ. ಇದು ಜಗತ್ತಿನ ಅತ್ಯಂತ ಹಳೆಯ ಗರ್ಭನಿರೋಧ ಕ್ರಮಗಳಲ್ಲಿ ಒಂದಾಗಿ ಉಳಿದಿರುವುದಕ್ಕೆ ಕಾರಣವೂ ಅದೇ. ಹೀಬ್ರೂ ಬೈಬಲ್ಲಿನ ಒಂದು ಕಥೆಯಲ್ಲಿ ಇದರ ಪ್ರಸ್ತಾಪವಿದೆ. ಆಧುನಿಕ ಸಾಧನಗಳು ಬರುವ ಮುನ್ನ ಯುರೋಪಿನಲ್ಲಿ ಕುಟುಂಬಗಳ ಗಾತ್ರ ಇಳಿದುದರಲ್ಲಿ ಇದರ ಪಾತ್ರ ದೊಡ್ಡದೆಂದು ಜನಸಂಖ್ಯಾ ತಜ್ಞರು ಹೇಳುತ್ತಾರೆ. ತುರ್ಕಿಯಲ್ಲಂತೂ ದೀರ್ಘಕಾಲ ದಂಪತಿಗಳು ಅತಿ ಹೆಚ್ಚು ಬಳಸುತ್ತಿದ್ದ ವಿಧಾನಗಳಲ್ಲಿ ಇದೂ ಒಂದಾಗಿತ್ತು. ಆದ್ದರಿಂದ ಇದನ್ನು ಅನುಸರಿಸುವ ದಂಪತಿಯನ್ನು ಅಜ್ಞಾನಿಗಳೆಂದು ಕರೆಯುವುದು ನ್ಯಾಯವಲ್ಲ. ಕೈಗೆ ಬೇರೇನೂ ಸಿಗದ ಕಾಲದಲ್ಲಿ ಜನ ತಾವೇ ಕಂಡುಕೊಂಡ ದಾರಿ ಇದು.

ಗರ್ಭ ನಿಲ್ಲುವುದು ಹೇಗೆ

ವಿಧಾನದ ಬಲವನ್ನೂ ಬಲಹೀನತೆಯನ್ನೂ ಅರಿಯಬೇಕಾದರೆ ಮೊದಲು ದೇಹದ ಲೆಕ್ಕ ತಿಳಿದಿರಬೇಕು. ಒಂದು ಸ್ಖಲನದಲ್ಲಿ ಸಾಮಾನ್ಯವಾಗಿ 2ರಿಂದ 5 ಮಿಲಿಲೀಟರಿನಷ್ಟು, ಅಂದರೆ ಹೆಚ್ಚೆಂದರೆ ಒಂದು ಚಹಾ ಚಮಚದಷ್ಟು ವೀರ್ಯ ಹೊರಬರುತ್ತದೆ. ಅದರ ಪ್ರತಿ ಮಿಲಿಲೀಟರಿನಲ್ಲಿ ಕೋಟಿಗಟ್ಟಲೆ ವೀರ್ಯಾಣುಗಳಿರುತ್ತವೆ. ಅವು ಯೋನಿಯಿಂದ ಗರ್ಭಕೋಶದ ಕೊರಳನ್ನು ದಾಟಿ, ಗರ್ಭಕೋಶವನ್ನು ಹಾಯ್ದು, ಅದರ ಎರಡು ಪಕ್ಕಗಳಲ್ಲಿರುವ ಅಂಡನಾಳಗಳತ್ತ ಸಾಗುತ್ತವೆ. ಹೆಣ್ಣಿನ ಅಂಡಾಶಯದಿಂದ ತಿಂಗಳಿಗೊಮ್ಮೆ ಹೊರಬರುವ ಅಂಡಾಣು ಆ ನಾಳದಲ್ಲಿ ವೀರ್ಯಾಣುವನ್ನು ಸಂಧಿಸಿದರೆ ಗರ್ಭಕ್ಕೆ ಆರಂಭ.

ಇಲ್ಲಿ ಬಹಳ ಜನರಿಗೆ ತಿಳಿಯದ ಸಂಗತಿಯೊಂದಿದೆ. ಅಂಡಾಣು ಹೊರಬಂದ ಮೇಲೆ ಫಲಿತಗೊಳ್ಳಬಲ್ಲ ಅವಧಿ 12ರಿಂದ 24 ಗಂಟೆ ಮಾತ್ರ. ವೀರ್ಯಾಣುವಾದರೋ ಹೆಣ್ಣಿನ ದೇಹದೊಳಗೆ 5 ದಿನಗಳವರೆಗೂ ಜೀವಂತವಾಗಿ ಇರಬಲ್ಲದು. ದಿನಕ್ಕೊಂದೇ ಬಸ್ಸು ಬರುವ ಪಾವಗಡ ಕಡೆಯ ಹಳ್ಳಿಯನ್ನು ನೆನೆಯಿರಿ. ಬಸ್ಸು ನಿಲ್ಲುವುದು ಎರಡೇ ನಿಮಿಷವಾದರೂ, ಬೆಳಗ್ಗೆಯೇ ಬಂದು ಕಟ್ಟೆಯ ಮೇಲೆ ಕಾದು ಕುಳಿತ ಪ್ರಯಾಣಿಕನಿಗೆ ಅದು ತಪ್ಪುವುದಿಲ್ಲ. ಹಾಗೆಯೇ ಸೋಮವಾರದ ಮಿಲನದಲ್ಲಿ ಒಳಸೇರಿದ ವೀರ್ಯಾಣು ಶುಕ್ರವಾರ ಬಿಡುಗಡೆಯಾದ ಅಂಡಾಣುವನ್ನು ಸೇರಬಹುದು. ಹೀಗಾಗಿ ಅಂಡಾಣು ಬರುವ ದಿನ ಮತ್ತು ಅದರ ಹಿಂದಿನ 5 ದಿನಗಳು, ಒಟ್ಟು ಸುಮಾರು 6 ದಿನಗಳು ಗರ್ಭ ನಿಲ್ಲುವ ದಿನಗಳು. ಅವು ಯಾವುವೆಂದು ಖಚಿತವಾಗಿ ಮುಂಚಿತವಾಗಿ ಹೇಳುವುದೇ ಕಷ್ಟ, ಏಕೆಂದರೆ ಜ್ವರ, ನಿದ್ದೆಗೆಡುವುದು, ಮನಸ್ಸಿನ ಒತ್ತಡ, ಬಾಣಂತನ ಮೊದಲಾದವು ಅಂಡಾಣು ಬರುವ ದಿನವನ್ನು ಹಿಂದುಮುಂದು ಮಾಡುತ್ತವೆ.

ವೀರ್ಯಾಣುಗಳು ನಿಮಿಷಗಳ ಒಳಗೇ ಗರ್ಭಕೋಶದ ಕೊರಳಿನ ಲೋಳೆಯನ್ನು ಸೇರಬಲ್ಲವು. ಆದ್ದರಿಂದ ಆಮೇಲೆ ನೀರಿನಿಂದ ತೊಳೆದುಕೊಂಡರೆ, ಎದ್ದು ಓಡಾಡಿದರೆ, ಹೆಂಗಸು ಮೂತ್ರ ಮಾಡಿದರೆ ಎಲ್ಲ ಹೊರಟುಹೋಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಹೆಣ್ಣಿನಲ್ಲಿ ಮೂತ್ರದ ದಾರಿಯೇ ಬೇರೆ, ಯೋನಿಯ ದಾರಿಯೇ ಬೇರೆ.

ವಿಧಾನ ಸೋಲುವುದು ಎಲ್ಲಿ

ಸೋಲಿಗೆ ಮುಖ್ಯ ಕಾರಣ ಸಮಯ. ಸ್ಖಲನವೆಂಬುದು ಎರಡು ಹಂತಗಳ ಪ್ರತಿವರ್ತನ ಕ್ರಿಯೆ. ಮೊದಲ ಹಂತದಲ್ಲಿ ವೀರ್ಯವು ಮೂತ್ರನಾಳದ ಬುಡದಲ್ಲಿ ಬಂದು ಸೇರುತ್ತದೆ. ಎರಡನೆಯ ಹಂತದಲ್ಲಿ ಸ್ನಾಯುಗಳು ಬಿಗಿದು ಅದನ್ನು ಹೊರಚಿಮ್ಮಿಸುತ್ತವೆ. ಮೊದಲ ಹಂತ ಆರಂಭವಾದ ಮೇಲೆ ಸೀನನ್ನು ತಡೆಯಲಾಗದಂತೆ ಇದನ್ನೂ ಮನಸ್ಸಿನ ಬಲದಿಂದ ತಡೆಯಲಾಗದು. ಒಲೆಯ ಮೇಲಿಟ್ಟ ಹಾಲನ್ನು ಕಾಯುವವರಿಗೆ ಇದು ಚೆನ್ನಾಗಿ ಅರ್ಥವಾದೀತು. ಹಾಲು ಅಂಚಿಗೆ ಏರುವ ಮುನ್ನವೇ ಉರಿ ತಗ್ಗಿಸಬೇಕು, ಏರಿದ ಮೇಲೆ ಓಡಿಬಂದರೆ ಒಂದಿಷ್ಟಾದರೂ ಚೆಲ್ಲುತ್ತದೆ. ಇಲ್ಲಿ ‘ಒಂದಿಷ್ಟು’ ಚೆಲ್ಲುವುದೇ ತೊಂದರೆಯ ಮೂಲ, ಏಕೆಂದರೆ ಹೊರಬರುವ ವೀರ್ಯದ ಮೊದಲ ಭಾಗದಲ್ಲಿಯೇ ವೀರ್ಯಾಣುಗಳ ಸಂಖ್ಯೆ ಹೆಚ್ಚು. ಒಂದೆರಡು ಕ್ಷಣ ತಡವಾದರೂ ಒಳಗೆ ಹೋಗುವುದು ಅತ್ಯಂತ ಸಾಂದ್ರವಾದ ಪಾಲೇ.

ಬಹುಪಾಲು ಗಂಡಸರಿಗೆ ಆ ಕ್ಷಣ ಸಮೀಪಿಸುತ್ತಿರುವ ಅರಿವು ಇರುತ್ತದೆ, ಆದರೆ ಎಲ್ಲರಿಗೂ ಪ್ರತಿ ಬಾರಿಯೂ ಇರುತ್ತದೆಂದು ಹೇಳಲಾಗದು. ಹೊಸದಾಗಿ ಮದುವೆಯಾದವರಿಗೆ, ಶೀಘ್ರಸ್ಖಲನದ ತೊಂದರೆ ಇರುವವರಿಗೆ, ದಣಿದು ಬಂದವರಿಗೆ ಅದು ತಪ್ಪುವ ಸಾಧ್ಯತೆ ಹೆಚ್ಚು. ಕುಡಿದಿದ್ದರೆ ಹೇಳಬೇಕಾದ್ದೇ ಇಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಸಂಜೆಯ ಕುಡಿತ ಇರುವುದರಿಂದ, ಈ ಮಾತನ್ನು ಸೌಜನ್ಯದ ಹೆಸರಿನಲ್ಲಿ ಬಿಟ್ಟುಬಿಡುವುದು ಸರಿಯಲ್ಲವೆಂದು ನನಗೆ ಅನ್ನಿಸುತ್ತದೆ.

ಸೋಲಿನ ಎರಡನೆಯ ದಾರಿ, ಸ್ಖಲನಕ್ಕೆ ಮುನ್ನವೇ ಶಿಶ್ನದ ತುದಿಯಲ್ಲಿ ಕಾಣುವ ತಿಳಿಯಾದ, ಅಂಟಂಟಾದ ದ್ರವ. ಇದು ಬಟಾಣಿ ಕಾಳಿನ ಗಾತ್ರದ ಎರಡು ಕೌಪರ್ ಗ್ರಂಥಿಗಳಿಂದ ಬರುತ್ತದೆ. ಮೂತ್ರನಾಳದಲ್ಲಿ ಉಳಿದ ಮೂತ್ರದ ಆಮ್ಲೀಯತೆಯನ್ನು ತಗ್ಗಿಸುವುದೂ ಜಾರುವಿಕೆಯನ್ನು ಸುಲಭಗೊಳಿಸುವುದೂ ಅದರ ಕೆಲಸ. ಗ್ರಂಥಿಯು ತಯಾರಿಸುವ ಈ ದ್ರವದಲ್ಲಿ ವೀರ್ಯಾಣುಗಳು ಇರುವುದಿಲ್ಲವಾದರೂ, ಹೊರಬರುವ ದಾರಿಯಲ್ಲಿ ಅವು ಸೇರಿಕೊಳ್ಳಬಹುದು. ಸಣ್ಣ ಪ್ರಮಾಣದ ಕೆಲವು ಪರೀಕ್ಷೆಗಳಲ್ಲಿ ಈ ದ್ರವದಲ್ಲಿ ವೀರ್ಯಾಣುಗಳೇ ಸಿಗಲಿಲ್ಲ. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 27 ಗಂಡಸರ ಪೈಕಿ 11 ಮಂದಿಯ ದ್ರವದಲ್ಲಿ ವೀರ್ಯಾಣುಗಳು ಸಿಕ್ಕವು, ಅವರಲ್ಲಿ 10 ಮಂದಿಯಲ್ಲಿ ಅವು ಚಲಿಸುತ್ತಲೂ ಇದ್ದವು. ಗಮನಿಸಬೇಕಾದ ಅಂಶವೆಂದರೆ, ಒಬ್ಬನೇ ಗಂಡಸಿನಿಂದ ಬೇರೆ ಬೇರೆ ದಿನ ಪಡೆದ ಮಾದರಿಗಳಲ್ಲಿ ಫಲಿತಾಂಶ ಹೆಚ್ಚುಕಡಿಮೆ ಒಂದೇ ಬಗೆಯದಾಗಿತ್ತು, ಅಂದರೆ ಕೆಲವರಲ್ಲಿ ವೀರ್ಯಾಣುಗಳು ಸೋರುತ್ತವೆ, ಕೆಲವರಲ್ಲಿ ಸೋರುವುದಿಲ್ಲ. ಯಾರು ಯಾವ ಗುಂಪಿಗೆ ಸೇರಿದವರೆಂಬುದನ್ನು ಮನೆಯಲ್ಲಿ ಕಂಡುಹಿಡಿಯುವ ಉಪಾಯವಿಲ್ಲ. ಇವುಗಳ ಸಂಖ್ಯೆ ವೀರ್ಯದಲ್ಲಿರುವುದಕ್ಕಿಂತ ಬಹಳ ಕಡಿಮೆ, ಆದ್ದರಿಂದ ಗರ್ಭ ನಿಲ್ಲುವ ಸಂಭವವೂ ಕಡಿಮೆ, ಆದರೆ ಸೊನ್ನೆಯಲ್ಲ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂಗತಿ ಒಂದೇ ರಾತ್ರಿಯ ಎರಡನೆಯ ಮಿಲನ. ಕೋಲಾರದ ತೋಟಗಳಲ್ಲಿ ಹನಿ ನೀರಾವರಿ ನೋಡಿದವರಿಗೆ, ಮೋಟಾರು ನಿಲ್ಲಿಸಿದ ಮೇಲೂ ಪೈಪಿನೊಳಗೆ ನೀರು ಉಳಿದಿರುವುದೂ, ಮತ್ತೆ ಚಾಲೂ ಮಾಡಿದಾಗ ಮೊದಲು ತೊಟ್ಟಿಕ್ಕುವುದು ಆ ಹಳೆಯ ನೀರೇ ಎಂಬುದೂ ಗೊತ್ತು. ಮೊದಲ ಸ್ಖಲನದ ವೀರ್ಯಾಣುಗಳು ಮೂತ್ರನಾಳದಲ್ಲಿ ಉಳಿದಿದ್ದು ಎರಡನೆಯ ಬಾರಿ ದ್ರವದೊಡನೆ ಹೊರಬರಬಹುದು. ನಡುವೆ ಮೂತ್ರ ಮಾಡಿ, ಶಿಶ್ನದ ತುದಿಯನ್ನು ತೊಳೆದುಕೊಳ್ಳಬೇಕೆಂದು ವೈದ್ಯರು ಹೇಳುವುದು ಈ ಕಾರಣಕ್ಕೆ. ಹಾಗೆ ಮಾಡುವುದು ಒಳ್ಳೆಯದು, ಆದರೆ ಮೇಲೆ ಹೇಳಿದ ಅಧ್ಯಯನದಲ್ಲಿ ಹಿಂದಿನ ಸ್ಖಲನದ ನಂತರ ಹಲವು ಬಾರಿ ಮೂತ್ರ ಮಾಡಿದ್ದವರಲ್ಲಿಯೂ ವೀರ್ಯಾಣುಗಳು ಸಿಕ್ಕಿದ್ದರಿಂದ ಅದನ್ನೇ ಪೂರ್ಣ ರಕ್ಷಣೆಯೆಂದು ತಿಳಿಯಬಾರದು.

ಹೊರಗೆ ಬಿಟ್ಟರೂ ಎಲ್ಲಿ ಬಿಟ್ಟರೆಂಬುದು ಮುಖ್ಯ. ಯೋನಿಯ ಬಾಯಿಗೆ ತಾಗುವಂತೆ ಬಿದ್ದ ವೀರ್ಯದಿಂದ, ಅಥವಾ ವೀರ್ಯ ಮೆತ್ತಿದ ಕೈ ತಾಗಿದ್ದರಿಂದ ವೀರ್ಯಾಣುಗಳು ಒಳಸಾಗಬಹುದು.

ನೂರರಲ್ಲಿ ಎಷ್ಟು ಮಂದಿಗೆ

ಗರ್ಭನಿರೋಧ ವಿಧಾನಗಳ ಬಲವನ್ನು ಅಳೆಯಲು ವೈದ್ಯಶಾಸ್ತ್ರವು ಒಂದು ಸರಳ ಅಳತೆಯನ್ನು ಬಳಸುತ್ತದೆ: 100 ಹೆಂಗಸರು ಒಂದು ವರ್ಷ ಆ ವಿಧಾನವನ್ನು ಅನುಸರಿಸಿದರೆ ಎಷ್ಟು ಮಂದಿ ಬಯಸದೆ ಗರ್ಭಿಣಿಯರಾಗುತ್ತಾರೆ ಎಂಬುದು ಆ ಅಳತೆ. ಏನನ್ನೂ ಬಳಸದಿದ್ದರೆ ವರ್ಷವೊಂದರಲ್ಲಿ ಸುಮಾರು 85 ಮಂದಿ ಗರ್ಭಿಣಿಯರಾಗುತ್ತಾರೆ. ಹಿಂತೆಗೆತವನ್ನು ಪ್ರತಿ ಬಾರಿಯೂ ತಪ್ಪಿಲ್ಲದೆ ಪಾಲಿಸಿದರೆ ಆ ಸಂಖ್ಯೆ ಸುಮಾರು 4ಕ್ಕೆ ಇಳಿಯುತ್ತದೆ. ಸಾಮಾನ್ಯ ಜನ ಸಾಮಾನ್ಯ ಬದುಕಿನಲ್ಲಿ ಪಾಲಿಸಿದಾಗ ಮಾತ್ರ ಅದು ಸುಮಾರು 20, ಎಂದರೆ ಐವರಲ್ಲಿ ಒಬ್ಬರು.

4 ಮತ್ತು 20ರ ನಡುವಿನ ಈ ಅಂತರ ಓದುಗರನ್ನು ಗೊಂದಲಗೊಳಿಸುತ್ತದೆ. ಟೊಮೆಟೊ ಬೀಜದ ಪೊಟ್ಟಣದ ಮೇಲೆ ಎಕರೆಗೆ ಇಷ್ಟು ಟನ್ ಇಳುವರಿ ಎಂದು ಅಚ್ಚಾಗಿರುತ್ತದೆ. ಸಕಾಲಕ್ಕೆ ನೀರು, ಗೊಬ್ಬರ, ಔಷಧಿ ಎಲ್ಲ ಸಿಕ್ಕ ಪ್ರಯೋಗದ ತಾಕಿನ ಲೆಕ್ಕ ಅದು. ಮುಳಬಾಗಿಲಿನ ರೈತನ ಹೊಲದಲ್ಲಿ ಒಂದು ವಾರ ಕರೆಂಟು ಕೈಕೊಟ್ಟಿರುತ್ತದೆ, ಇನ್ನೊಂದು ವಾರ ಹುಳು ಬಿದ್ದಿರುತ್ತದೆ, ಇಳುವರಿ ಅಷ್ಟಕ್ಕಷ್ಟೆ. 4 ಎಂಬುದು ಪೊಟ್ಟಣದ ಲೆಕ್ಕ, 20 ಎಂಬುದು ಹೊಲದ ಲೆಕ್ಕ. ನಾವು ಬದುಕುವುದು ಹೊಲದಲ್ಲಿ. ಬೇರೆ ವಿಧಾನಗಳಿಗೂ ಈ ಎರಡು ಲೆಕ್ಕಗಳಿವೆ: ನಿರೋಧ್‌ನಂಥ ಕಾಂಡೋಮಿಗೆ ಪೊಟ್ಟಣದ ಲೆಕ್ಕ 2, ಹೊಲದ ಲೆಕ್ಕ 13. ದಿನನಿತ್ಯದ ಮಾತ್ರೆಗೆ ಪೊಟ್ಟಣದ ಲೆಕ್ಕ 1ಕ್ಕಿಂತ ಕಡಿಮೆ, ಹೊಲದ ಲೆಕ್ಕ 7. ನಮ್ಮ ಕಡೆ ‘ವಂಕಿ’ ಎಂದು ಕರೆಯುವ, ಗರ್ಭಕೋಶದೊಳಗೆ ಇರಿಸುವ ಪುಟ್ಟ ಸಾಧನವಾದ ಕಾಪರ್-ಟಿಗೆ ಮಾತ್ರ ಎರಡೂ ಲೆಕ್ಕಗಳು 1ಕ್ಕಿಂತ ಕಡಿಮೆಯೇ. ಅದಕ್ಕೆ ಕಾರಣ ಸರಳವಾಗಿದೆ: ಒಮ್ಮೆ ಹಾಕಿಸಿದ ಮೇಲೆ ಅದನ್ನು ಯಾರೂ ನೆನಪಿಡಬೇಕಿಲ್ಲ, ಯಾವ ಕ್ಷಣದಲ್ಲೂ ಯಾರೂ ಎಚ್ಚರ ವಹಿಸಬೇಕಿಲ್ಲ. ಮನುಷ್ಯನ ಎಚ್ಚರವನ್ನು ಹೆಚ್ಚು ಅವಲಂಬಿಸಿದಷ್ಟೂ ಪೊಟ್ಟಣಕ್ಕೂ ಹೊಲಕ್ಕೂ ಅಂತರ ಹಿಗ್ಗುತ್ತದೆ. ಹಿಂತೆಗೆತದಲ್ಲಿ ಎಲ್ಲವೂ ಒಂದು ಕ್ಷಣದ ಎಚ್ಚರದ ಮೇಲೆಯೇ ನಿಂತಿದೆ.

ಇನ್ನೊಂದು ಲೆಕ್ಕವನ್ನೂ ನೋಡಬೇಕು. ಎರಡು ಮಕ್ಕಳ ನಡುವೆ ಮೂರು ವರ್ಷದ ಅಂತರ ಬೇಕೆನ್ನುವ 100 ದಂಪತಿಗಳು ಬರೀ ಹಿಂತೆಗೆತವನ್ನು ನೆಚ್ಚಿದರೆಂದು ಇಟ್ಟುಕೊಳ್ಳೋಣ. ಮೊದಲ ವರ್ಷ 20 ಮಂದಿಗೆ ಗರ್ಭ ನಿಂತು 80 ಮಂದಿ ಉಳಿದರು. ಅದೇ ದರ ಮುಂದುವರಿದರೆ ಎರಡನೆಯ ವರ್ಷದ ಕೊನೆಗೆ 64, ಮೂರನೆಯ ವರ್ಷದ ಕೊನೆಗೆ ಸುಮಾರು 51 ಮಂದಿ ಉಳಿಯುತ್ತಾರೆ. ಅಂದರೆ ಮೂರು ವರ್ಷಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಬಯಸಿದ ಅಂತರ ಸಿಗಲಿಲ್ಲ. ವಾಸ್ತವದಲ್ಲಿ ವಿಧಾನ ರೂಢಿಯಾದವರೇ ಕೊನೆಗೆ ಉಳಿಯುವುದರಿಂದ ನಂತರದ ವರ್ಷಗಳಲ್ಲಿ ಈ ದರ ಸ್ವಲ್ಪ ಇಳಿಯುತ್ತದೆ. ಆದರೂ ‘ಒಂದು ವರ್ಷ ಏನೂ ಆಗಲಿಲ್ಲ, ಇನ್ನು ಆಗುವುದಿಲ್ಲ’ ಎಂಬ ಧೈರ್ಯಕ್ಕೆ ಆಧಾರ ಎಷ್ಟು ತೆಳುವೆಂಬುದು ಇದರಿಂದ ತಿಳಿಯುತ್ತದೆ.

ತಡೆಯದೆ ಬಿಡುವ ಇನ್ನೊಂದು ಅಪಾಯ

ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳನ್ನು ಈ ವಿಧಾನ ತಡೆಯುವುದಿಲ್ಲ. ಎಚ್‌ಐವಿ ವೀರ್ಯದಲ್ಲಿ ಮಾತ್ರವಲ್ಲ, ಮೊದಲು ಬರುವ ದ್ರವದಲ್ಲಿಯೂ ಇರಬಲ್ಲದು. ಸಿಫಿಲಿಸ್, ಹರ್ಪಿಸ್ ಮುಂತಾದವು ಚರ್ಮದ ಸ್ಪರ್ಶದಿಂದಲೇ ದಾಟುತ್ತವೆ. ಈ ವಿಷಯದಲ್ಲಿ ರಕ್ಷಣೆ ಕೊಡುವುದು ಕಾಂಡೋಮ್. ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಆಪ್ತಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರಗಳಲ್ಲಿ ಉಚಿತ, ವಿವರಗಳನ್ನು ಗುಟ್ಟಾಗಿಡುತ್ತಾರೆ.

ಇದಕ್ಕೆ ವ್ಯತಿರಿಕ್ತವಾಗಿ, ಇಲ್ಲದ ಅಪಾಯವೊಂದನ್ನು ಜನ ಈ ವಿಧಾನದ ಮೇಲೆ ಹೊರಿಸುತ್ತಾರೆ. ಹೊರಗೆ ಬಿಟ್ಟರೆ ಗಂಡಸಿನ ‘ಧಾತು’ ನಷ್ಟವಾಗುತ್ತದೆ, ನರ ದುರ್ಬಲವಾಗುತ್ತದೆ ಎಂಬ ಭಯ ನಮ್ಮ ಹಳ್ಳಿಗಳಲ್ಲಿ ಈಗಲೂ ಇದೆ. ವೀರ್ಯ ಒಳಗೆ ಬಿದ್ದರೂ ಹೊರಗೆ ಬಿದ್ದರೂ ದೇಹಕ್ಕೆ ಒಂದೇ. ಅದು ನಿರಂತರವಾಗಿ ತಯಾರಾಗುತ್ತಲೇ ಇರುತ್ತದೆ.

ಎಚ್ಚರ ಅವನದು, ಪರಿಣಾಮ ಅವಳದು

ಲೆಕ್ಕಗಳಲ್ಲಿ ಕಾಣದ ಒಂದು ಸಂಗತಿ ಇದರಲ್ಲಿ ಅಡಗಿದೆ. ಈ ವಿಧಾನ ನಡೆಯುವುದು ಗಂಡಸಿನ ಇಚ್ಛೆಯಿಂದ, ಅವನ ಹತೋಟಿಯಿಂದ. ಹೆಣ್ಣಿಗೆ ಅದನ್ನು ತಾನೇ ಜಾರಿಗೆ ತರುವ ಬಗೆಯೇ ಇಲ್ಲ. ಕ್ಷಣ ತಪ್ಪಿದರೆ ದಿನ ಎಣಿಸುತ್ತ ಕೂರುವವಳು, ವಾಂತಿ, ರಕ್ತಹೀನತೆ, ಹೆರಿಗೆ ಎಲ್ಲವನ್ನೂ ಹೊರುವವಳು ಅವಳು. ದಂಪತಿಯ ನಡುವೆ ಮಾತುಕತೆ ಸಲೀಸಾಗಿದ್ದು, ಗಂಡ ನಿಜಕ್ಕೂ ಹೊಣೆಗಾರನಾಗಿದ್ದರೆ ಇದು ಇಬ್ಬರೂ ಹಂಚಿಕೊಂಡ ಕ್ರಮವಾಗಬಹುದು, ಹಾಗೆ ಅನೇಕ ವರ್ಷ ನಡೆಸಿಕೊಂಡು ಬಂದ ಮನೆಗಳೂ ಉಂಟು. ಆದರೆ ‘ಬೇಡ’ ಎನ್ನುವ ಹೆಂಡತಿಯ ಮಾತಿಗೆ ಬೆಲೆಯಿಲ್ಲದ ಮನೆಯಲ್ಲಿ ‘ಅವರು ಹುಷಾರಾಗಿರ್ತಾರೆ’ ಎಂಬುದು ವಿಧಾನವಾಗಿ ಉಳಿಯುವುದಿಲ್ಲ, ಬರೀ ಹಾರೈಕೆಯಾಗುತ್ತದೆ. ಅಂಥವಳಿಗೆ ತನ್ನ ಕೈಯಲ್ಲೇ ಇರುವ ವಿಧಾನ ಬೇಕು.

ಕರ್ನಾಟಕದಲ್ಲಿ ಕುಟುಂಬ ಯೋಜನೆಯ ಭಾರ ಎಷ್ಟರಮಟ್ಟಿಗೆ ಹೆಣ್ಣಿನ ಮೇಲೆಯೇ ಬಿದ್ದಿದೆ ಎಂಬುದಕ್ಕೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಸಾಕ್ಷಿ. ರಾಜ್ಯದ 15ರಿಂದ 49 ವರ್ಷದ ವಿವಾಹಿತ ಹೆಂಗಸರಲ್ಲಿ ಸುಮಾರು ಶೇ. 57 ಮಂದಿ ‘ಆಪರೇಷನ್’ ಮಾಡಿಸಿಕೊಂಡವರು. ದೇಶದ ಸರಾಸರಿ ಸುಮಾರು ಶೇ. 38. ಇನ್ನು ಗಂಡಸರ ಶಸ್ತ್ರಚಿಕಿತ್ಸೆಯ ಪ್ರಮಾಣ ಇಡೀ ದೇಶದಲ್ಲಿ ಶೇ. 1 ಕೂಡ ಇಲ್ಲ. ನಮ್ಮಲ್ಲಿ ಮದುವೆ, ಬೇಗ ಎರಡು ಮಕ್ಕಳು, ಆಮೇಲೆ ಆಪರೇಷನ್ ಎಂಬುದು ರೂಢಿಯಾಗಿ, ನಡುವಿನ ವರ್ಷಗಳಿಗೆ ಬೇಕಾದ ತಾತ್ಕಾಲಿಕ ವಿಧಾನಗಳ ಪರಿಚಯ ಕಡಿಮೆಯಾಗಿದೆ. ಆ ನಡುವಿನ ವರ್ಷಗಳಲ್ಲಿಯೇ ಜನ ಹಿಂತೆಗೆತವನ್ನು ನೆಚ್ಚುವುದು. ಹಾಗೆ ನೋಡಿದರೆ ತಿಳಿವಳಿಕೆಯ ಪರಂಪರೆ ನಮಗೆ ಇಲ್ಲದೇ ಇಲ್ಲ. ತುಮಕೂರು, ಕೋಲಾರ ಜಿಲ್ಲೆಗಳು ಸೇರಿದ್ದ ಹಳೆಯ ಮೈಸೂರು ಸಂಸ್ಥಾನವು 1930ರಲ್ಲಿಯೇ ಸರ್ಕಾರಿ ಗರ್ಭನಿರೋಧ ಚಿಕಿತ್ಸಾಲಯಗಳನ್ನು ತೆರೆಯಲು ಮುಂದಾಗಿತ್ತು, ಜಗತ್ತಿನಲ್ಲಿ ಸರ್ಕಾರವೊಂದು ಹಾಗೆ ಮಾಡಿದ್ದು ಅದೇ ಮೊದಲೆಂದು ಹೇಳುತ್ತಾರೆ.

ಯಾರಿಗೆ ಸರಿಹೊಂದೀತು, ಯಾರಿಗೆ ಸಲ್ಲದು

ಗರ್ಭ ನಿಂತರೂ ಸರಿಯೇ, ಸ್ವಲ್ಪ ತಡವಾದರೆ ಒಳ್ಳೆಯದು ಎನ್ನುವ ಆರೋಗ್ಯವಂತ ದಂಪತಿಗೆ ಈ ವಿಧಾನ ಸಾಲಬಹುದು. ಬೇರೇನೂ ಕೈಯಲ್ಲಿಲ್ಲದ ರಾತ್ರಿ ಇದು ಏನೂ ಮಾಡದಿರುವುದಕ್ಕಿಂತ ಎಷ್ಟೋ ಮೇಲು. ಮೊದಲಿನಿಂದ ಕಾಂಡೋಮ್ ಧರಿಸಿ ಕೊನೆಯಲ್ಲಿ ಹಿಂತೆಗೆಯುವುದರಿಂದ ರಕ್ಷಣೆ ಹೆಚ್ಚುತ್ತದೆ. ಮುಟ್ಟಿನ ಚಕ್ರ ಸರಿಯಾಗಿ 26ರಿಂದ 32 ದಿನಗಳ ಒಳಗಿರುವವರು, ಮುಟ್ಟಾದ ಮೊದಲ ದಿನವನ್ನು 1 ಎಂದು ಎಣಿಸಿ 8ರಿಂದ 19ರವರೆಗಿನ ದಿನಗಳಲ್ಲಿ ಕಾಂಡೋಮ್ ಬಳಸಿ ಉಳಿದ ದಿನಗಳಲ್ಲಿ ಹಿಂತೆಗೆತವನ್ನು ಪಾಲಿಸುವುದೂ ಒಂದು ಕ್ರಮ. ಚಕ್ರ ಏರುಪೇರಾಗುವವರಿಗೆ ಈ ಎಣಿಕೆ ನಡೆಯದು.

ಮತ್ತೆ ಬಸುರಾದರೆ ಜೀವಕ್ಕೆ ಅಪಾಯವೆಂದು ವೈದ್ಯರು ಎಚ್ಚರಿಸಿರುವ ಹೃದ್ರೋಗಿಗೆ, ತೀವ್ರ ರಕ್ತಹೀನತೆ ಇರುವವರಿಗೆ, ಈಚೆಗೆ ಸಿಸೇರಿಯನ್ ಆದವರಿಗೆ, ಭ್ರೂಣಕ್ಕೆ ಹಾನಿ ಮಾಡುವ ಔಷಧಿ ಸೇವಿಸುತ್ತಿರುವವರಿಗೆ ಐವರಲ್ಲಿ ಒಬ್ಬರೆಂಬ ಸಂಭವ ತುಂಬ ದುಬಾರಿ. ಅವರು ಇದನ್ನೊಂದೇ ನೆಚ್ಚಬಾರದೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಒಮ್ಮೆ ತಪ್ಪಿದರೆ

ಕ್ಷಣ ಮೀರಿತು, ವೀರ್ಯ ಒಳಗೆ ಬಿತ್ತು ಎಂದಾಗ ಮೊದಲು ನೋಡಬೇಕಾದ್ದು ಗಡಿಯಾರ. ಲಿವೊನಾರ್ಜೆಸ್ಟ್ರೆಲ್ ಎಂಬ ಔಷಧಿಯ 1.5 ಮಿಲಿಗ್ರಾಂ ಇರುವ ತುರ್ತು ಗರ್ಭನಿರೋಧ ಮಾತ್ರೆಯನ್ನು 72 ಗಂಟೆಗಳ ಒಳಗೆ, ಸಾಧ್ಯವಾದಷ್ಟು ಬೇಗ ನುಂಗಬೇಕು. ಔಷಧಿ ಅಂಗಡಿಯಲ್ಲಿ ಇದು ವೈದ್ಯರ ಚೀಟಿಯಿಲ್ಲದೆ ಸಿಗುತ್ತದೆ, ಆಶಾ ಕಾರ್ಯಕರ್ತೆಯರ ಬಳಿಯೂ ಸಿಗುತ್ತದೆ. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಬೇಕಾಗುತ್ತದೆ. ಅಂಡಾಣು ಹೊರಬರುವುದನ್ನು ಮುಂದೂಡುವುದು ಈ ಮಾತ್ರೆಯ ಕೆಲಸ. ಅಂಡಾಣು ಆಗಲೇ ಬಂದಿದ್ದರೆ ಮಾತ್ರೆ ನಿಷ್ಫಲವಾಗಬಹುದು. ನಿಂತ ಗರ್ಭವನ್ನು ಅದು ತೆಗೆಯುವುದಿಲ್ಲ, ಆದ್ದರಿಂದ ಅದನ್ನು ಗರ್ಭಪಾತದ ಮಾತ್ರೆಯೆಂದು ಕರೆಯುವುದು ತಪ್ಪು. ತಿಂಗಳಿಗೆ ಎರಡು ಮೂರು ಸಲ ನುಂಗುವ ಸ್ಥಿತಿ ಬಂದಿದ್ದರೆ ನಿಯಮಿತ ವಿಧಾನವೊಂದು ಬೇಕೆಂದೇ ಅರ್ಥ. 5 ದಿನಗಳ ಒಳಗೆ ಕಾಪರ್-ಟಿ ಹಾಕಿಸಿಕೊಳ್ಳುವುದು ಮಾತ್ರೆಗಿಂತಲೂ ಪರಿಣಾಮಕಾರಿ, ಮುಂದಿನ ವರ್ಷಗಳಿಗೂ ಅದೇ ರಕ್ಷಣೆಯಾಗುತ್ತದೆ.

ಮುಟ್ಟಿನ ದಿನ ಮೇಲಾದರೆ, ಅಥವಾ ಆ ಮಿಲನದಿಂದ ಮೂರು ವಾರ ಕಳೆದರೆ ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡಬಹುದು. ‘ನಿಶ್ಚಯ್’ ಕಿಟ್ಟು ಆಶಾ ಕಾರ್ಯಕರ್ತೆಯರಲ್ಲಿ ದೊರೆಯುತ್ತದೆ. ಗರ್ಭ ನಿಂತು, ಅದು ಬೇಡವಾದರೆ ವೈದ್ಯಕೀಯ ಗರ್ಭಪಾತಕ್ಕೆ 1971ರಿಂದ ಕಾನೂನಿದೆ. 2021ರ ತಿದ್ದುಪಡಿಯ ನಂತರ, ಗರ್ಭನಿರೋಧ ಕ್ರಮ ವಿಫಲವಾದ ಕಾರಣಕ್ಕೆ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತ ಮಾಡಿಸಿಕೊಳ್ಳಲು ಮದುವೆಯಾದವರು, ಆಗದವರು ಎಂಬ ಭೇದವಿಲ್ಲ. ವಯಸ್ಕ ಹೆಣ್ಣಿಗೆ ಗಂಡನ ಸಹಿ ಬೇಕೆಂದು ಕಾನೂನು ಹೇಳುವುದಿಲ್ಲ. ಅಂಗಡಿಯಿಂದ ತಂದ ಗರ್ಭಪಾತದ ಮಾತ್ರೆಯನ್ನು ಗುಟ್ಟಾಗಿ ನುಂಗಿ, ರಕ್ತಸ್ರಾವ ನಿಲ್ಲದೆ ನಡುರಾತ್ರಿ ಆಸ್ಪತ್ರೆಗೆ ಓಡುವ ಸ್ಥಿತಿ ಯಾರಿಗೂ ಬರಬೇಕಾಗಿಲ್ಲ.

ಎಳೆಕೂಸಿನ ತಾಯಿಯ ಪ್ರಶ್ನೆ

ಗುರುವಾರದ ಅಂಗನವಾಡಿಯಲ್ಲಿ ‘ಹುಷಾರಾಗಿರ್ತಾರೆ’ ಎಂದ ಎಳೆಕೂಸಿನ ತಾಯಿಯ ಮನಸ್ಸಿನಲ್ಲಿ ಇನ್ನೊಂದು ನಂಬಿಕೆಯೂ ಇರುತ್ತದೆ: ಇನ್ನೂ ಮುಟ್ಟಾಗಿಲ್ಲ, ಕೂಸು ಹಾಲು ಕುಡಿಯುತ್ತಿದೆ, ಹಾಗಾಗಿ ನಿಲ್ಲುವುದಿಲ್ಲ. ಇದರಲ್ಲಿ ಅರ್ಧ ನಿಜವಿದೆ. ಕೂಸಿಗೆ 6 ತಿಂಗಳು ತುಂಬಿರಬಾರದು, ಹಗಲು ರಾತ್ರಿ ಎದೆಹಾಲನ್ನು ಮಾತ್ರ ಕುಡಿಯುತ್ತಿರಬೇಕು, ತಾಯಿಗೆ ಮುಟ್ಟು ಮರಳಿರಬಾರದು. ಈ ಮೂರೂ ಒಟ್ಟಿಗೆ ಇದ್ದಾಗ ಗರ್ಭ ನಿಲ್ಲುವ ಸಂಭವ 100ರಲ್ಲಿ 2ಕ್ಕಿಂತ ಹೆಚ್ಚಲ್ಲ. ರಾಗಿ ಸರಿ ಶುರುವಾಯಿತು, ತಾಯಿ ಗಾರ್ಮೆಂಟ್ ಕೆಲಸಕ್ಕೆ ಮರಳಿದ್ದರಿಂದ ಹಗಲಿನ ಹಾಲು ತಪ್ಪಿತು, ಅಥವಾ ಆರು ತಿಂಗಳು ತುಂಬಿತು ಎಂದರೆ ಆ ರಕ್ಷಣೆ ಮುಗಿಯಿತು. ಮುಟ್ಟು ಮರಳುವುದಕ್ಕೆ ಮೊದಲೇ ಅಂಡಾಣು ಬರುವುದರಿಂದ, ಒಮ್ಮೆಯೂ ಮುಟ್ಟಾಗದೆಯೇ ಮತ್ತೆ ಬಸುರಾದ ಬಾಣಂತಿಯರು ಇದ್ದಾರೆ. ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳ ಅಂತರವಿರಲಿ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗೆ ಕಾರಣ, ಅದಕ್ಕಿಂತ ಬೇಗ ಬಸುರಾದರೆ ತಾಯಿಯ ರಕ್ತಹೀನತೆ, ಅವಧಿಗೆ ಮುನ್ನ ಹೆರಿಗೆ, ಕಡಿಮೆ ತೂಕದ ಮಗು ಇವುಗಳ ಸಂಭವ ಹೆಚ್ಚುವುದು.

ಅವಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ ಆಯ್ಕೆಗಳು ಈಗ ಹಿಂದಿಗಿಂತ ಹೆಚ್ಚು. ಕಾಪರ್-ಟಿಯನ್ನು ಹೆರಿಗೆಯಾದ 48 ಗಂಟೆಯೊಳಗೆ ಅಥವಾ ಆರು ವಾರ ಕಳೆದ ಮೇಲೆ ಹಾಕುತ್ತಾರೆ. 380ಎ ಎಂಬ ಬಗೆಯದು 10 ವರ್ಷ ಕೆಲಸ ಮಾಡುತ್ತದೆ, ಬೇಡವೆಂದ ದಿನ ತೆಗೆಸಬಹುದು. ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ ಮತ್ತು ಹೊಟ್ಟೆನೋವು ಸ್ವಲ್ಪ ಹೆಚ್ಚಬಹುದೆಂದು ಮೊದಲೇ ತಿಳಿದಿದ್ದರೆ ಗಾಬರಿಯಿಲ್ಲ. ‘ಅಂತರ’ ಎಂಬ ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ ಹಾಕಿಸಬೇಕು, ಹಾಲೂಡಿಸುವವರಿಗೆ ಹೆರಿಗೆಯ ಆರು ವಾರದ ನಂತರ ಅದು ಸಲ್ಲುತ್ತದೆ. ಮುಟ್ಟು ಏರುಪೇರಾಗುವುದು, ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ಹಿಡಿಯುವುದು ಅದರ ಸ್ವಭಾವ. ‘ಛಾಯಾ’ ಲಖನೌನ ಸಂಶೋಧನಾಲಯದಲ್ಲಿ ರೂಪುಗೊಂಡ, ಹಾರ್ಮೋನ್ ಇಲ್ಲದ ಮಾತ್ರೆ. ಅದನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದರಂತೆ ನುಂಗಬೇಕು, ಎದೆಹಾಲಿಗೆ ತೊಂದರೆಯಿಲ್ಲ. ದಿನನಿತ್ಯದ ಮಾಲಾ-ಎನ್ ಮಾತ್ರೆಯನ್ನು ಮಾತ್ರ ಹಾಲೂಡಿಸುವ ತಾಯಂದಿರು ಮೊದಲ ಆರು ತಿಂಗಳು ಬಳಸಬಾರದು.

ಇನ್ನು ಮಕ್ಕಳು ಸಾಕೆಂದು ನಿರ್ಧರಿಸಿದ ಮನೆಗಳಲ್ಲಿ, ಇಷ್ಟು ವರ್ಷ ಎಚ್ಚರ ವಹಿಸಿದ ಗಂಡನಿಗೂ ಒಂದು ಆಯ್ಕೆಯಿದೆ. ಚಾಕು ಬಳಸದ, ಹೊಲಿಗೆಯಿಲ್ಲದ ಪುರುಷರ ಶಸ್ತ್ರಚಿಕಿತ್ಸೆಗೆ ಅರ್ಧ ಗಂಟೆಯೂ ಬೇಡ, ಅದು ಹೆಂಗಸರ ಆಪರೇಷನ್ನಿಗಿಂತ ಸರಳ, ಲೈಂಗಿಕ ಶಕ್ತಿಯನ್ನಾಗಲಿ ಹೊಲದಲ್ಲಿ ದುಡಿಯುವ ಕಸುವನ್ನಾಗಲಿ ಕುಗ್ಗಿಸುವುದಿಲ್ಲ. ಆದರೆ ನಾಳದಲ್ಲಿ ಮೊದಲೇ ಇದ್ದ ವೀರ್ಯಾಣುಗಳು ಖಾಲಿಯಾಗಲು ಮೂರು ತಿಂಗಳು ಬೇಕಾಗುವುದರಿಂದ, ವೀರ್ಯ ಪರೀಕ್ಷೆಯಲ್ಲಿ ಅವು ಇಲ್ಲವೆಂದು ಖಚಿತವಾಗುವವರೆಗೆ ಕಾಂಡೋಮ್ ಬಳಸಬೇಕು.